ಕಿವಿ ಸರಿಯಿದೆ, ನೋವು ಎಲ್ಲಿಯದು?

ಕೇಳುಗರಿಗೆ ನಮಸ್ಕಾರ.

ಕಿವಿ ನೋವೆಂದರೆ ಮನೆಯಲ್ಲಿ ಮೊದಲು ನೆನಪಾಗುವುದು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ಆದರೆ ವೈದ್ಯರು ದೀಪ ಹಿಡಿದು ನೋಡಿದಾಗ ಎಷ್ಟೋ ಸಲ ಗುಗ್ಗೆಯೂ ಇರುವುದಿಲ್ಲ, ಕೀವೂ ಇರುವುದಿಲ್ಲ. ಕಿವಿಯ ತಮಟೆ ಮುತ್ತಿನಂತೆ ಹೊಳೆಯುತ್ತಿರುತ್ತದೆ. ಹಾಗೆಂದು ನೋವು ಸುಳ್ಳಲ್ಲ. ಅದು ಬೇರೆಡೆ ಹುಟ್ಟಿ ಕಿವಿಯಲ್ಲಿ ಕೇಳಿಸಿಕೊಳ್ಳುತ್ತಿದೆ.

ಇಷ್ಟು ಪುಟ್ಟ ಕಿವಿಯ ನೋವನ್ನು ಮಿದುಳಿಗೆ ಮುಟ್ಟಿಸಲು ನಾಲ್ಕು ಕಪಾಲ ನರಗಳಿವೆ, ಅಂದರೆ ಮಿದುಳಿನಿಂದ ನೇರವಾಗಿ ಹೊರಡುವ ನರಗಳು: 5, 7, 9 ಮತ್ತು 10ನೆಯವು. ಜೊತೆಗೆ ಕತ್ತಿನಿಂದ ಬರುವ 2 ಮತ್ತು 3ನೆಯ ನರಗಳು. ಇವುಗಳ ಬೇರೆ ಕವಲುಗಳು ಹಲ್ಲಿಗೂ ಗಂಟಲಿಗೂ ಹೋಗಿವೆ. ಯಾವ ಕವಲಿನಿಂದ ಸುದ್ದಿ ಬಂತೆಂದು ಮಿದುಳಿಗೆ ಬಿಡಿಸಲಾಗುವುದಿಲ್ಲ.

ಐದನೆಯ ನರದ್ದೇ ಹೆಚ್ಚಿನ ಪಾಲು. ಹುಳುಕಾದ ಕೆಳದವಡೆ ಹಲ್ಲು, ಅರ್ಧ ಹೊರಬಂದು ಸಿಕ್ಕಿಕೊಂಡ ಕೊನೆಯ ಹಲ್ಲು, ದವಡೆಯ ಕೀಲು, ಎಲ್ಲವೂ ಇದರ ಸುಪರ್ದಿನಲ್ಲಿವೆ. ಕಿವಿಯ ತೂತಿನ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಅಲ್ಲೇ ಒತ್ತಿದಾಗ ನೋವು, ಜೊತೆಗೆ ಕಟಕ್ ಎಂಬ ಸದ್ದು ಬಂದರೆ ಕೀಲಿನ ಮೇಲೆ ಅನುಮಾನ. ಕೆಲವು ವಾರ ಮೆತ್ತಗಿನ ಊಟ, ಬಿಸಿ ಶಾಖ. ರಾತ್ರಿ ಹಲ್ಲು ಕಡಿಯುವವರಿಗೆ ದಂತವೈದ್ಯರು ಕೊಡುವ ಹಲ್ಲಿನ ಕವಚ. ಬದಲಿಗೆ ಕಿವಿಯ ಹಾಲೆ ಎಳೆದಾಗ ಜೀವ ಹೋಗುವಷ್ಟು ನೋವಾದರೆ ತೊಂದರೆ ಕಿವಿಯ ನಾಳದಲ್ಲೇ ಇರುವುದು ಹೆಚ್ಚು.

ಒಂಬತ್ತನೆಯದು ನಡುಗಿವಿಗೂ ಟಾನ್ಸಿಲಿಗೂ ನಾಲಿಗೆಯ ಬುಡಕ್ಕೂ ಸೇರಿದ್ದು. ಟಾನ್ಸಿಲ್ ತೆಗೆಸಿದ ಮಗು ಗುಟುಕು ನುಂಗುವಾಗ ಕಿವಿ ಹಿಡಿದುಕೊಂಡು ಅಳುವುದು ಇದರಿಂದಲೇ.

ಹತ್ತನೆಯ ನರ ಗಂಟಲ ತಳಕ್ಕೂ ಧ್ವನಿಪೆಟ್ಟಿಗೆಗೂ ಹೋಗುತ್ತದೆ. ಗುಗ್ಗೆ ತೆಗೆಯುವಾಗ ಕೆಲವರಿಗೆ ತಟ್ಟನೆ ಕೆಮ್ಮು ಬರುತ್ತದಲ್ಲ, ಆ ನಂಟು ಈ ನರದ್ದು. ಇಲ್ಲಿ ನಾನು ಒತ್ತಿ ಹೇಳಬೇಕು: ಗಂಟಲಿನ ಕ್ಯಾನ್ಸರ್ ಕೆಲವೊಮ್ಮೆ ಮೊದಲು ಕಾಣಿಸಿಕೊಳ್ಳುವುದು ಒಂದೇ ಕಡೆಯ ಕಿವಿನೋವಾಗಿ.

ಕತ್ತು ತಿರುಗಿಸಿದಾಗ ಕಿವಿಯ ಹಿಂಭಾಗ ನೊಂದರೆ ಕತ್ತಿನ ಮೂಳೆಸವೆತವನ್ನೂ ನೋಡಿಸಬೇಕು. ಕಿವಿಯ ಮೇಲೆ ನೀರುಗುಳ್ಳೆ ಎದ್ದು ಮುಖ ಸೊಟ್ಟಗಾದರೆ ಅದು ಏಳನೆಯ ನರಕ್ಕೆ ತಗಲಿದ ಸರ್ಪಸುತ್ತು. 72 ಗಂಟೆಯೊಳಗೆ ಔಷಧಿ ಶುರುವಾಗುವುದು ಒಳ್ಳೆಯದು.

ತಂಬಾಕು, ಗುಟ್ಕಾ, ಬೀಡಿ, ಮದ್ಯದ ಅಭ್ಯಾಸವಿದ್ದು, ಒಂದೇ ಕಿವಿಯ ನೋವು ಮೂರು ವಾರ ದಾಟಿದರೆ, ಅದಕ್ಕೂ ಮೊದಲೇ ದನಿ ಒಡೆದರೆ, ನುಂಗಲು ಕಷ್ಟವಾದರೆ ಅಥವಾ ಕತ್ತಿನಲ್ಲಿ ಗಂಟು ಸಿಕ್ಕರೆ, ಕಿವಿಗೆ ಹನಿ ಬಿಡುತ್ತಾ ಕೂರಬೇಡಿ. ಕಿವಿ-ಮೂಗು-ಗಂಟಲು ತಜ್ಞರ ಹತ್ತಿರ ಹೋಗಿ. ಅವರು ಕಿವಿ ಸರಿಯಿದೆ ಎಂದರೆ ಅಲ್ಲಿಗೇ ಎದ್ದು ಬರದೆ, ದುರ್ಬೀನಿನಲ್ಲಿ ಗಂಟಲನ್ನೂ ನೋಡಿ ಎಂದು ಕೇಳಿ.