ಡಿಸೆಂಬರಿನ ಕಾಣಿಕೆ, ಆಟಿಯ ಖರ್ಚು

ಚರ್ಚಿನ ಸುಗ್ಗಿ ಹಬ್ಬದ ಏಲಂ ನೋಡಿದವರಿಗೆ ಗೊತ್ತುಂಟು. ಒಂದು ಚೀನಿಕಾಯಿ ಏಲಂಗೆ ಬರ್ತದೆ, ಹಿಡಿದವರು ದುಡ್ಡು ಕೊಟ್ಟು ಕಾಯಿಯನ್ನು ಪುನಃ ಸಭೆಗೇ ಬಿಡ್ತಾರೆ. ಒಂದೇ ಕಾಯಿ ಮೂರು ಸಲ ಮಾರಿ ಹೋಗ್ತದೆ, ಎಲ್ಲರಿಗೂ ನಗು. ಹಾಗಾಗಿ ನಮ್ಮವರಿಗೆ ಕೊಡುವ ಮನಸ್ಸಿಲ್ಲ ಅಂತ ನಾನು ಹೇಳುವುದಿಲ್ಲ. ನನ್ನ ತಕರಾರು ಇರುವುದು ಕ್ಯಾಲೆಂಡರಿನ ಬಗ್ಗೆ.

ಕರಾವಳಿಯಲ್ಲಿ ಕೈ ಖಾಲಿಯಾಗುವುದು ಯಾವಾಗ? ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ದಕ್ಕೆಯಲ್ಲಿ ಬುಟ್ಟಿ ಹೊರುವವರಿಗೆ, ಐಸ್ ಒಡೆಯುವವರಿಗೆ ಕೆಲಸ ಇಲ್ಲ. ಮಳೆ ಹಿಡಿದರೆ ಗಾರೆಯವರಿಗೂ ಇಲ್ಲ. ಸರಿಯಾಗಿ ಅದೇ ಹೊತ್ತಿಗೆ ಶಾಲೆಯ ಫೀಸು, ಪುಸ್ತಕ, ಕೊಡೆ. ಆಟಿ ಅಂದರೆ ಕಷ್ಟದ ತಿಂಗಳು ಅಂತ ತುಳುನಾಡಿನ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ನಮ್ಮ ಕಾಣಿಕೆ ಡಬ್ಬಿ ತುಂಬುವುದು ಮಾತ್ರ ಸುಗ್ಗಿ ಹಬ್ಬಕ್ಕೆ, ಕ್ರಿಸ್ಮಸ್ಸಿಗೆ. ಜೂನ್ ಬರುವಾಗ ಆ ದುಡ್ಡು ಗೋಡೆಗೆ ಬಣ್ಣವಾಗಿ ಹೋಗಿರ್ತದೆ.

ಬೈಬಲಿನ ಪೌಲನಿಗೆ ಈ ಸಮಸ್ಯೆ ಗೊತ್ತಿತ್ತು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 16ನೇ ಅಧ್ಯಾಯ ತೆಗೆಯಿರಿ. ಯೆರೂಸಲೇಮಿನ ವಿಶ್ವಾಸಿಗಳಿಗೆ ಸಹಾಯ ಕಳಿಸುವ ವಿಷಯ. ವಾರದ ಮೊದಲ ದಿನ, ಪ್ರತಿಯೊಬ್ಬರೂ, ಬಂದ ಸಂಪಾದನೆಗೆ ತಕ್ಕಷ್ಟು ತೆಗೆದಿಡಿ, ನಾನು ಬಂದ ಮೇಲೆ ವಸೂಲಿ ಮಾಡುವ ಹಾಗೆ ಆಗಬಾರದು ಅಂತಾನೆ. ಒತ್ತಾಯಕ್ಕೆ ಕೊಡಬೇಡಿ ಅಂತ ಎರಡನೆಯ ಪತ್ರಿಕೆಯಲ್ಲಿ ಬರೆದವನೂ ಇವನೇ. ನೋಡಿ, ಭಾಷಣ ಕೇಳಿ ಬಿಸಿಯಲ್ಲಿ ಕೊಟ್ಟದ್ದರಲ್ಲಿ ಒಂದು ಪಾಲು ದಾಕ್ಷಿಣ್ಯದ್ದೂ ಇರ್ತದೆ. ಮನೆಯಲ್ಲಿ ಕೂತು ಲೆಕ್ಕ ಹಾಕಿ ತೆಗೆದಿಟ್ಟದ್ದರಲ್ಲಿ ಅದು ಕಡಿಮೆ.

ಈಗ ಲೆಕ್ಕ. 40 ಮನೆ, ತಿಂಗಳಿಗೆ 100 ರೂಪಾಯಿ, ಒಟ್ಟು 4,000. ಇಷ್ಟರಲ್ಲಿ ಎಂತ ಆಗ್ತದೆ ಮಾರಾಯ್ರೆ ಅಂತ ಕೇಳಬಹುದು. ಒಬ್ಬರಿಗೆ ವಾರಕ್ಕೆ 3 ಸಲ ಡಯಾಲಿಸಿಸ್ ಅಂತ ಇಟ್ಟುಕೊಳ್ಳಿ, ತಿಂಗಳಿಗೆ 13 ಸಲ. ಸರಕಾರಿ ಆಸ್ಪತ್ರೆಯಲ್ಲಿ ಬಿಪಿಎಲ್ ಕಾರ್ಡಿನವರಿಗೆ ಡಯಾಲಿಸಿಸ್ ಉಚಿತ, ಖಾಸಗಿ ಬಸ್ಸು ಉಚಿತ ಅಲ್ಲ. ರೋಗಿಗೂ ಜೊತೆಗೆ ಹೋಗುವವರಿಗೂ ಬಸ್ಸು, ಊಟ ಸೇರಿ ಸಲಕ್ಕೆ 200 ಹಿಡಿದರೆ ತಿಂಗಳಿಗೆ 2,600. ಉಳಿದ 1,400ರಲ್ಲಿ ಒಬ್ಬ ಅಜ್ಜಿಯ ಬಿಪಿ, ಶುಗರಿನ ಮಾತ್ರೆ. ಇದೇ ಮನೆಗೆ ಕ್ರಿಸ್ಮಸ್ಸಿಗೆ ಶಾಲು ಹೊದೆಸಿ 10,000ದ ಕವರು ಕೊಟ್ಟಿರೆಂದರೆ ನಾಲ್ಕು ತಿಂಗಳೂ ತುಂಬುವುದಿಲ್ಲ. ಡಯಾಲಿಸಿಸ್ ನಾಲ್ಕು ತಿಂಗಳಿಗೆ ಮುಗಿಯುವುದಿಲ್ಲವಲ್ಲ.

ಹಾಗಾಗಿ ತಿಂಗಳ ಖರ್ಚಿಗೆ ತಿಂಗಳ ಕಾಣಿಕೆ. ಏಲಂ ದುಡ್ಡಿನಲ್ಲಿ ಒಂದು ಪಾಲು ಬೇರೆ ಖಾತೆಗೆ ಹಾಕಿ, ಮೇ ಕೊನೆಯವರೆಗೆ ಮುಟ್ಟಬೇಡಿ.

ದುಡ್ಡು ಕೊಡಲಿಕ್ಕೆ ಆಗದವರಿಗೆ ಅಕ್ಕಿ ಉಂಟು. ಮಿಜೋರಾಂನ ಪ್ರೆಸ್ಬಿಟೇರಿಯನ್ ಹೆಂಗಸರು 1910ರಿಂದ ಅಡಿಗೆಗೆ ಅಕ್ಕಿ ಅಳೆಯುವಾಗಲೇ ಒಂದು ಹಿಡಿ ಸಭೆಗೆಂದು ತೆಗೆದಿಡುತ್ತಾ ಬಂದಿದ್ದಾರೆ. ಒಂದು ಹಿಡಿ ಸುಮಾರು 40 ಗ್ರಾಂ. ದಿನಕ್ಕೊಂದು ಹಿಡಿ ಅಂದರೂ ತಿಂಗಳಿಗೆ 1.2 ಕಿಲೋ, 40 ಮನೆಯಿಂದ 48 ಕಿಲೋ. ನಮ್ಮಲ್ಲಿ ಇದು ಕೆಡುವುದು ಒಂದೇ ಕಡೆ: ಎಲ್ಲರ ಅಕ್ಕಿಯನ್ನೂ ಒಂದೇ ಡ್ರಮ್ಮಿಗೆ ಸುರಿಯುವುದು. ಕುಚ್ಚಲಕ್ಕಿ ಬೇಯುವ ಹೊತ್ತಿಗೆ ಬೆಳ್ತಿಗೆ (ಬಿಳಿ ಅಕ್ಕಿ) ಕರಗಿ ಅಂಟಾಗಿರ್ತದೆ, ಬೆಳ್ತಿಗೆ ಹದಕ್ಕೆ ಇಳಿಸಿದರೆ ಕುಚ್ಚಲಕ್ಕಿ ಹಲ್ಲಿಗೆ ಕಲ್ಲು. ಆ ಅಕ್ಕಿ ಕೊನೆಗೆ ಕೋಳಿಗೆ. ಎರಡು ಡಬ್ಬಿ ಇಡಿ, ಮುಚ್ಚಳ ಬಿಗಿಯಾಗಿರಲಿ. ಮಳೆಗಾಲದಲ್ಲಿ ತಿಂಗಳಿಗಿಂತ ಹೆಚ್ಚು ಇಟ್ಟರೆ ಹುಳ ಗ್ಯಾರಂಟಿ.

ಇನ್ನು ಹಣ ಎಣಿಸುವ ವಿಷಯ. ಇಲ್ಲಿ ಸ್ವಲ್ಪ ಖಾರವಾಗಿ ಹೇಳ್ತೇನೆ. "ನಮ್ಮ ಖಜಾಂಚಿ ಪ್ರಾಮಾಣಿಕರು, ಅವರ ನಂಬರಿಗೇ ಗೂಗಲ್ ಪೇ ಮಾಡಿ" ಅನ್ನುವ ಮಾತು ನಿಲ್ಲಬೇಕು. ಪ್ರಾಮಾಣಿಕರೇ ಇರಬಹುದು. ಅವರ ಮನೆಯ ಕರೆಂಟ್ ಬಿಲ್ಲು ಹೋಗುವ ಖಾತೆಗೆ ಸಭೆಯ ದುಡ್ಡು ಬಂದರೆ ಎರಡು ವರ್ಷ ಬಿಟ್ಟು ಯಾರು ಬಿಡಿಸ್ತಾರೆ? ಎರಡನೆಯ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಪೌಲ ಕಾಣಿಕೆಯ ಕೆಲಸಕ್ಕೆ ತನ್ನ ಜೊತೆಗಾರ ತೀತನನ್ನು ಒಂಟಿಯಾಗಿ ಕಳಿಸಲಿಲ್ಲ, ಇನ್ನಿಬ್ಬರು ಸಹೋದರರನ್ನೂ ಜೊತೆ ಮಾಡಿದ. ಯಾರೂ ತಪ್ಪು ಹೊರಿಸಬಾರದು ಅಂತ ಕಾರಣವನ್ನೂ ಬರೆದ. ಸಭೆಯ ಹೆಸರಲ್ಲಿ ಖಾತೆ, ಇಬ್ಬರ ಸಹಿ. ಆರಾಧನೆ ಮುಗಿದ ಕೂಡಲೇ ಇಬ್ಬರು ಎಣಿಸಿ, ಮೂರನೆಯವರು ಪುಸ್ತಕದಲ್ಲಿ ಬರೆದ ಮೇಲೆಯೇ ಬೀಗ.

ಕೊಡುವಾಗ ಆದಷ್ಟು ಮೆಡಿಕಲ್ ಶಾಪಿಗೆ, ಶಾಲೆಗೆ ನೇರ ಕಟ್ಟಿ. ಮನೆಗೆ ಇಬ್ಬರೇ ಹೋಗಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ, ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ಡಿ ಪೌಲ್ ಸಭೆಯವರದ್ದು ಇದೇ ಕ್ರಮ. ಅವರ ಕೂಟದಲ್ಲಿ ಚೀಲ ಸುತ್ತು ಬರುವಾಗ ಯಾರು ಎಷ್ಟು ಹಾಕಿದರು ಅಂತ ಪಕ್ಕದವರಿಗೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಕೆಲವು ಕಡೆ ಕೊಟ್ಟವರ ಹೆಸರು ಮೊತ್ತದ ಸಮೇತ ಅಚ್ಚಾಗ್ತದೆ, ಪಡೆದವರ ಫೋಟೋ ವಾಟ್ಸಾಪಿಗೆ ಹೋಗ್ತದೆ. ಆ ಮನೆಯ ಹುಡುಗಿ ಮುಂದಿನ ಭಾನುವಾರ ಸಂಡೆ ಸ್ಕೂಲಿಗೆ ಬರಬೇಕಲ್ಲ? ವರ್ಷದ ವರದಿಯಲ್ಲಿ ಎರಡು ಸಾಲು ಸಾಕು: ಡಯಾಲಿಸಿಸ್ ಪ್ರಯಾಣಕ್ಕೆ 31,200, ಔಷಧಿಗೆ 16,800.