ಬೊಗೊಟಾದ ಭಾನುವಾರ ನೋಡಿ, ಆಮೇಲೆ ಮಾತಾಡಿ

ನಮಸ್ಕಾರ. ಕಳೆದ ವಿಡಿಯೋಗೆ ಒಬ್ಬರು ಕಮೆಂಟ್ ಹಾಕಿದ್ದಾರೆ: "ಕೊಲಂಬಿಯಾನಾ? ಡ್ರಗ್ಸು, ಗನ್ನು ಬಿಟ್ಟರೆ ಅಲ್ಲೇನಿದೆ ಗುರು?" ಅದಕ್ಕೆ ರಾಶಿ ಲೈಕ್ ಬೇರೆ. ಎರಡು ದಿನ ಸುಮ್ನಿದ್ದೆ. ಇನ್ನು ಆಗಲ್ಲ.

ಅಲ್ಲೇನಿದೆ? ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ ಭಾನುವಾರ ಇದೆ ಸ್ವಾಮಿ.

ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ, 120 ಕಿಲೋಮೀಟರಿಗೂ ಜಾಸ್ತಿ ರಸ್ತೆ ಜನರ ಕೈಗೆ. ಕೆಲವು ಕಡೆ ಇಡೀ ರಸ್ತೆ, ಕೆಲವು ಕಡೆ ಒಂದು ಬದಿ. ಕಾರು, ಬೈಕು ಆ ಕಡೆ ತಲೆ ಹಾಕುವಂತಿಲ್ಲ. ಹೆಸರು ಸಿಕ್ಲೊವಿಯಾ. ಶುರುವಾಗಿದ್ದು 1974ರಲ್ಲಿ. ವರ್ಷಕ್ಕೊಂದು ದಿನ ಫೋಟೋಗೆ ಮಾಡುವುದಲ್ಲ, ಪ್ರತಿ ಭಾನುವಾರ! ಸರ್ಕಾರಿ ರಜೆ ಬಂದರೆ ಅವತ್ತೂ.

ನಾನು ಬಾಡಿಗೆ ಸೈಕಲ್ ತಗೊಂಡು ಕರ್ರೆರಾ ಸೆಪ್ತಿಮಾಗೆ ಇಳಿದೆ. ಏಳನೇ ರಸ್ತೆ, ಊರಿನ ಮುಖ್ಯ ರಸ್ತೆ. ಹತ್ತು ನಿಮಿಷಕ್ಕೆ ಏದುಸಿರು. ಊರು ಇರುವುದೇ 2,600 ಮೀಟರ್ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ. ಪಕ್ಕದಲ್ಲಿ ಒಬ್ಬ ಅಜ್ಜ ಬುಟ್ಟಿಯಲ್ಲಿ ನಾಯಿ ಕೂರಿಸಿಕೊಂಡು ಆರಾಮಾಗಿ ನನ್ನನ್ನು ದಾಟಿ ಹೋದರು. ಅವರ ಹಿಂದೆ ಮೊಮ್ಮಗಳು, ಪುಟ್ಟ ಚಕ್ರ ಕಟ್ಟಿದ ಸೈಕಲ್ಲಿನಲ್ಲಿ. ಅಂಚಿನಲ್ಲಿ ಛತ್ರಿ ಕೆಳಗೆ ಪಂಕ್ಚರ್ ಹಾಕುವವನು. ಅವನ ಪಕ್ಕ ಒಬ್ಬಮ್ಮ ಓಬ್ಲೆಯಾ ಮಾರುತ್ತಿದ್ದರು. ಹಪ್ಪಳದಂತೆ ತೆಳ್ಳಗಿನ ಎರಡು ಬಿಲ್ಲೆ, ನಡುವೆ ಅರೆಕೀಪೆ. ಹಾಲು, ಸಕ್ಕರೆ ಕುದಿಸಿ ಕುದಿಸಿ ಇಳಿಸಿದ್ದು. ಧಾರವಾಡ ಪೇಡಾ ಬಾಣಲೆಯಲ್ಲಿ ಇನ್ನೂ ಗಟ್ಟಿಯಾಗದೆ ಇದ್ದರೆ ಹೇಗಿರುತ್ತೆ, ಹಾಗೆ. ಎರಡು ತಿಂದೆ. ಆ ವಿಡಿಯೋ ಚಾನೆಲ್‌ನಲ್ಲಿದೆ, ನೋಡದಿದ್ದರೆ ಮೊದಲು ಅದನ್ನು ನೋಡಿ, ಹಾಗೇ ಸಬ್‌ಸ್ಕ್ರೈಬ್ ಒತ್ತಿಬಿಡಿ.

"ಕಳ್ಳರಿಲ್ವಾ?" ಇದ್ದಾರೆ. ಅಲ್ಲಿಯವರೇ ಹೇಳುತ್ತಾರೆ, "ನೋ ದಾರ್ ಪಪಾಯಾ". ಪಪ್ಪಾಯಿ ಕೊಡಬೇಡ, ಅಂದರೆ ಕಳ್ಳನಿಗೆ ನೀನೇ ಅವಕಾಶ ಮಾಡಿಕೊಡಬೇಡ. ಫೋನ್ ಜೇಬಲ್ಲಿ ಇಟ್ಟುಕೊಂಡೆ, ಮುಗೀತು. ಮೆಜೆಸ್ಟಿಕ್‌ನಲ್ಲಿ ಇಟ್ಟುಕೊಳ್ಳಲ್ವಾ?

"ಅಲ್ಲಿ ಟ್ರಾಫಿಕ್ ಇಲ್ಲ, ಅದಕ್ಕೇ ಆಗುತ್ತೆ." ಯಾರು ಹೇಳಿದ್ದು? ವಾರವಿಡೀ ಜಾಮ್! ಅಂಥ ಊರೇ ಭಾನುವಾರ ರಸ್ತೆ ಬಿಟ್ಟುಕೊಡುತ್ತೆ. ನಮ್ಮ ಊರೂ ಬಿಟ್ಟುಕೊಡಲಿ, ಇದೇ ನನ್ನ ಮಾತು.

"ನಮ್ಮ ಊರಿಗೆ ಹೊಂದಲ್ಲ." ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ ನೋಡಿದ್ದೀರಲ್ಲ, ಬಸ್ಸಿಗೇ ಬೇರೆ ದಾರಿ? ಅದೇ ಥರದ್ದನ್ನು ಬೊಗೊಟಾ 2000ದಲ್ಲೇ ಓಡಿಸಿತ್ತು, ಟ್ರಾನ್ಸ್‌ಮಿಲೇನಿಯೊ ಅಂತ. ಬಸ್ಸು ಹೊಂದುತ್ತೆ, ಭಾನುವಾರ ಹೊಂದಲ್ವಾ?

"ಅಂಗಡಿಯವರಿಗೆ ನಷ್ಟ." ಅಯ್ಯೋ, ಓಬ್ಲೆಯಾ ಅಮ್ಮನ ಮುಂದಿದ್ದ ಸಾಲು ನೋಡಬೇಕಿತ್ತು ನೀವು!

ಬೇರೆ ಕಾರಣ ಬೇಕಾ? ನನಗೆ ಬೇಡ. ರಸ್ತೆ ರೀ, ರಸ್ತೆ! ಮಗು ನಡುರಸ್ತೆಯಲ್ಲಿ ಸೈಕಲ್ ಕಲಿಯುತ್ತಿತ್ತು. ಅಪ್ಪ ಕೈ ಬಿಟ್ಟ. ಮಗು ಬಿತ್ತು. ಹಿಂದಿನಿಂದ ಒಂದು ಹಾರ್ನ್ ಇಲ್ಲ. ಎದ್ದು ಮತ್ತೆ ಹತ್ತಿತು.

ಮುಂದಿನ ಭಾನುವಾರ ಸೆಪ್ತಿಮಾದ ಪೂರ್ತಿ ಸವಾರಿ ಹಾಕುತ್ತೇನೆ, ಒಂದು ಕಟ್ ಇಲ್ಲದೆ. ಕಮೆಂಟ್ ಹಾಕಿದವರೇ, ನೀವು ಬರಲೇಬೇಕು. ಬೆಳಿಗ್ಗೆ 7ಕ್ಕೆ.