ಬಕೆಟ್ ಫಳಫಳ, ಬಿಯರ್ ಮಾತ್ರ ಹುಳಿ!

[ಹತ್ತಿರದ ಶಾಟ್: ಅಂಗೈ ಮೇಲೆ ಪ್ಲಾಸ್ಟಿಕ್ ನಲ್ಲಿ]

ಈ ನಲ್ಲಿ ನೋಡಿ. ಮನೆಯಲ್ಲೇ ಮಾಡಿದ ಬಿಯರನ್ನು ಬಾಟಲಿಗೆ ತುಂಬಿಸುವ ಬಕೆಟ್ಟಿನದು. ಹೊರಗಿನಿಂದ ಹೊಸದರ ಹಾಗೇ ಇದೆ, ಅಲ್ವಾ? ಎರಡು ನಿಮಿಷ ಬಿಸಿನೀರಿನಲ್ಲಿ ಬಿಟ್ಟಿದ್ದೆ, ಪ್ಲಾಸ್ಟಿಕ್ ಸ್ವಲ್ಪ ಸಡಿಲವಾಗಲಿ ಅಂತ. ಈಗ ಕೆಳಗಿನಿಂದ ಒತ್ತುತ್ತೇನೆ, ಒಳಗಿನ ತಿರುಗುವ ತುಂಡು ಹೊರಗೆ ಬರುತ್ತದೆ... ಕಾಣಿಸಿತಾ? ಕಂದು ಲೋಳೆ. ಮೂಸಿದರೆ ಮೂರು ದಿನದ ಇಡ್ಲಿ ಹಿಟ್ಟಿನ ವಾಸನೆ.

ಹೋದ ಚಳಿಗಾಲದಲ್ಲಿ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಬಿಯರನ್ನು ಸಿಂಕಿಗೆ ಸುರಿದೆ. ಎಲ್ಲಾ ಈ ಲೋಳೆಯ ಕೃಪೆ. ಬಕೆಟ್ ಮೂರು ಸಲ ತೊಳೆದಿದ್ದೆ. ನಲ್ಲಿಯನ್ನೂ ಬಿಚ್ಚಬಹುದು ಅಂತ ಹೊಳೆದೇ ಇರಲಿಲ್ಲ.

ನಮಸ್ಕಾರ. ನಾನಿರುವುದು ಅಮೆರಿಕದಲ್ಲಿ. ಇಲ್ಲಿ 1978ರ ಕಾನೂನಿನ ಪ್ರಕಾರ ಇಬ್ಬರು ವಯಸ್ಕರಿರುವ ಮನೆಯವರು ತಮ್ಮ ಬಳಕೆಗೆ ವರ್ಷಕ್ಕೆ 200 ಗ್ಯಾಲನ್ ಬಿಯರ್ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು, ಮಾರುವ ಹಾಗಿಲ್ಲ. ಊರಿನಲ್ಲಿ ನೋಡುತ್ತಿರುವವರು ಸುಮ್ನೆ ನೋಡಿ ಅಷ್ಟೇ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿಯವರು ಮನೆಗೆ ಬರುತ್ತಾರೆ.

[ಶಾಟ್: ಹುದುಗು ಬರಿಸುವ ಬಕೆಟ್, ಒಳಗೋಡೆಯಲ್ಲಿ ಒಣಗಿದ ನೊರೆಯ ಪಟ್ಟಿ]

ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ. ಕೊಳೆಯ ಮೇಲೆ ಸ್ಯಾನಿಟೈಸರ್ ಹಾಕಿದರೆ ಸ್ನಾನ ಮಾಡದೆ ಸೆಂಟು ಹೊಡೆದುಕೊಂಡ ಹಾಗೆ. ಬ್ಯಾಕ್ಟೀರಿಯಾ ಕೊಳೆಯ ಅಡಿಯಲ್ಲಿ ಹಾಯಾಗಿರುತ್ತದೆ.

ಈ ಕಂದು ಪಟ್ಟಿ ತೆಗೆಯಲು ಪಿಬಿಡಬ್ಲ್ಯೂ ಅನ್ನುವ, ಬಿಯರ್ ಪಾತ್ರೆ ತೊಳೆಯುವ ಪುಡಿ, ಇಲ್ಲವೇ ಪರಿಮಳವಿಲ್ಲದ ಸೋಡಿಯಂ ಪರ್ಕಾರ್ಬನೇಟ್. ಬೆಚ್ಚಗಿನ ನೀರಿನಲ್ಲಿ ಕರಗಿಸಿ, ತುಂಬಿಸಿ, ಬಿಟ್ಟು ಹೋಗಿ ಕಾಫಿ ಕುಡಿಯಿರಿ. ತಿಕ್ಕಬೇಡಿ! ಸ್ಟೀಲ್ ಸ್ಕ್ರಬ್ಬರ್ ಅಂತೂ ಬೇಡವೇ ಬೇಡ. ಪ್ಲಾಸ್ಟಿಕ್ಕಿಗೆ ಒಂದು ಗೀರು ಬಿದ್ದರೂ ಅದು ಬ್ಯಾಕ್ಟೀರಿಯಾಗೆ ಬಾಡಿಗೆಯಿಲ್ಲದ ಮನೆ. ಉಳಿದ ಕಲೆಗೆ ಮೆತ್ತನೆಯ ಬಟ್ಟೆ ಸಾಕು. ಆಮೇಲೆ ಚೆನ್ನಾಗಿ ಜಾಲಿಸಿ. ಪಾತ್ರೆ ತೊಳೆಯುವ ಸೋಪು ನಾನು ಬಳಸುವುದಿಲ್ಲ. ಅದರ ಅಂಶ ಉಳಿದರೆ ಗ್ಲಾಸಿನಲ್ಲಿ ನೊರೆ ನಿಲ್ಲುವುದಿಲ್ಲ.

ಇನ್ನು ಸ್ಯಾನಿಟೈಸರ್. ನನ್ನದು ಸ್ಟಾರ್ ಸ್ಯಾನ್. 5 ಗ್ಯಾಲನ್ ನೀರಿಗೆ 1 ಔನ್ಸ್, ಅಂದರೆ ಸುಮಾರು 30 ಎಂಎಲ್. ಒಂದೆರಡು ನಿಮಿಷ ಒದ್ದೆಯಾಗಿದ್ದರೆ ಸಾಕು. ಬೆಟ್ಟದಷ್ಟು ನೊರೆ ಬರುತ್ತದೆ. ಮೊದಲ ಸಲ ನಾನು ಗಾಬರಿಯಾಗಿ ಅದನ್ನು ನಲ್ಲಿ ನೀರಿನಲ್ಲಿ ತೊಳೆದುಬಿಟ್ಟೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅಳತೆ ಸರಿಯಿದ್ದರೆ ತೊಳೆಯುವುದು ಬೇಕಿಲ್ಲ, ನೊರೆ ಹಾಗೇ ಇರಲಿ.

ಎಲ್ಲಕ್ಕೂ ಇದು ಬೇಕಾ? ಇಲ್ಲ. ಕುದಿಸುವ ಪಾತ್ರೆ ತೊಳೆದಿದ್ದರೆ ಆಯಿತು, ಕುದಿಯುವಾಗ ಉಳಿದದ್ದು ಸಾಯುತ್ತದೆ. ತಣ್ಣಗಾದ ಮೇಲೆ ಬಿಯರಿಗೆ ತಾಗುವುದೆಲ್ಲ ಸ್ಯಾನಿಟೈಸ್ ಆಗಿರಬೇಕು: ಬಕೆಟ್, ಮುಚ್ಚಳ, ಪೈಪು, ಬಾಟಲಿ, ಈಸ್ಟ್ ಪೊಟ್ಟಣ ಕತ್ತರಿಸುವ ಕತ್ತರಿ ಕೂಡ.

ಕೆಲವರು ಬ್ಲೀಚ್ ಬಳಸುತ್ತಾರೆ. ಸ್ಟೀಲ್ ಪಾತ್ರೆಯಲ್ಲಿ ಅದನ್ನು ಬಿಟ್ಟರೆ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಸ್ಟಾರ್ ಸ್ಯಾನ್ ಆಮ್ಲ. ಅದರ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಎರಡನ್ನೂ ಒಂದೇ ಶೆಲ್ಫಿನಲ್ಲಿ ಇಡಲೂಬೇಡಿ. ಹುದುಗು ಬರಿಸಲು ಬಕೆಟ್ ಬದಲು ದೊಡ್ಡ ಗಾಜಿನ ಜಾಡಿ ಇದ್ದರೆ ಕುದಿಯುವ ನೀರು ಸುರಿಯಬೇಡಿ, ಸೀಳುತ್ತದೆ.

ಬಾಟಲಿ ಸುಲಭ. ಗ್ಲಾಸಿಗೆ ಬಗ್ಗಿಸಿದ ತಕ್ಷಣ ಮೂರು ಸಲ ಕುಲುಕಿ ತೊಳೆದು ಬೋರಲು ಹಾಕಿ. ಬೆಳಿಗ್ಗೆ ತೊಳೆಯೋಣ ಅಂದಿರೋ, ತಳದ ಗಸಿ ಒಣಗಿ ಅಂಟಿಕೊಂಡಿತು. ಪೈಪಿನ ಒಳಗೆ ಮಸುಕು ಕಂಡರೆ ಜಿಪುಣತನ ಬೇಡ, ಹೊಸದು ತನ್ನಿ.

[ಶಾಟ್: ಟವೆಲ್ ಮೇಲೆ ನಲ್ಲಿಯ ತುಂಡುಗಳು, ರಬ್ಬರ್ ವಾಷರ್, ನಟ್ಟು]

ಮತ್ತೆ ನಮ್ಮ ನಲ್ಲಿ. ರಾತ್ರಿಯೆಲ್ಲ ನೆನೆಸಿ, ಒಳಗೆ ಬಾಟಲಿ ಬ್ರಶ್ಶನ್ನು ಮೆತ್ತಗೆ ಆಡಿಸಿ, ಒಣಗಿಸಿದ್ದೇನೆ. ಈಗಲೇ ಜೋಡಿಸುವುದಿಲ್ಲ. ಬಿಡಿಬಿಡಿಯಾಗಿಯೇ ಈ ಡಬ್ಬಿಗೆ ಹಾಕಿ, ಮುಚ್ಚಳ ಅರ್ಧ ತೆರೆದಿಡುತ್ತೇನೆ. ಮುಂದಿನ ಬಾಟಲಿ ತುಂಬಿಸುವ ದಿನ ಮೊದಲು ಸ್ಟಾರ್ ಸ್ಯಾನ್ ನೊರೆಯಲ್ಲಿ ಮುಳುಗಿಸುವುದು, ಆಮೇಲೆ ಜೋಡಿಸುವುದು.